ಬಸ್ ಮನೆ: ಹಳೇದಾ, ಹೊಸದಾ?

ಮಾರ್ಚ್, ಎರಡನೇ ವಾರ

ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋಯಿತು. ತೋಟದಲ್ಲಿ ಈಗ ಸ್ವಲ್ಪ ಬಿಡುವು. ಬಸ್ ಹುಡುಕುವ ಕೆಲಸ ಮತ್ತೆ ಶುರು ಮಾಡಿದ್ದೇವೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನೂ ನನ್ನ ಹೆಂಡತಿಯೂ ಒಂದು ಬಸ್ಸನ್ನೇ ಮನೆ ಮಾಡಿಕೊಳ್ಳಲು ಹೊರಟವರು. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕ ಅದು ವರ್ಷದಲ್ಲಿ ಒಂಬತ್ತು ತಿಂಗಳು ನಿಲ್ಲುತ್ತದೆ. ಕೊಯ್ಲು ಮುಗಿದ ಮೇಲೆ ಮೂರು ತಿಂಗಳು ನಮ್ಮನ್ನು ಹೊತ್ತು ಊರೂರು ತಿರುಗುತ್ತದೆ. ಒಂಬತ್ತು ತಿಂಗಳು ನಿಲ್ಲುವುದು, ಅದೂ ಕೊಡಗಿನ ಮಳೆಯಲ್ಲಿ. ಇದೇ ಮುಂದೆ ಎಲ್ಲವನ್ನೂ ತೀರ್ಮಾನಿಸಿತು.

ಗಾತ್ರದ ವಿಷಯ ಬೇಗ ಮುಗಿಯಿತು. ದೊಡ್ಡ ಬಸ್ ಬೇಡ. ನಮ್ಮ ತೋಟದ ದಾರಿಯಲ್ಲಿ ಹಲಸಿನ ಕೊಂಬೆಗಳು ಜೀಪಿನ ಟಾಪಿಗೇ ತಾಗುತ್ತವೆ. ಜೊತೆಗೆ ನಮ್ಮಿಬ್ಬರ ಹತ್ತಿರ ಇರುವುದು ಎಲ್‌ಎಂವಿ (ಹಗುರ ಗಾಡಿಯ) ಲೈಸೆನ್ಸ್ ಮಾತ್ರ. ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಅದೇ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮಿನಿ ಬಸ್ಸೇ. ಉಳಿದ ಪ್ರಶ್ನೆ ಒಂದೇ: ಹಳೇದಾ, ಹೊಸದಾ?

ಮಾರ್ಚ್ ಕೊನೆ

ನಮ್ಮ ಸೋದರಮಾವ ಮಡಿಕೇರಿ–ವಿರಾಜಪೇಟೆ ದಾರಿಯಲ್ಲಿ ಬಹಳ ವರ್ಷ ಬಸ್ ಓಡಿಸಿದವರು. ಅವರ ಮಾತು ಖಡಾಖಂಡಿತ. "ಹಳೇದೇ ತಗೋ ಮಗ. ಮೆಕ್ಯಾನಿಕಲ್ ಪಂಪ್ ಇದ್ರೆ ಮಾಕುಟ್ಟ ಘಾಟಿಯಲ್ಲಿ ಕೆಟ್ಟು ನಿಂತ್ರೂ ನಾಲ್ಕು ಸ್ಪ್ಯಾನರ್ ಇಟ್ಕೊಂಡು ಮನೆ ಸೇರಬಹುದು." ನನಗೂ ಅದೇ ಆಸೆ ಇತ್ತು. ಡೀಸೆಲ್ ಚಿಮ್ಮಿಸುವ ಆ ಹಳೇ ಪಂಪಿಗೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಹೋಗುತ್ತದಾ, ಗಾಳಿ ಹಿಡಿದಿದೆಯಾ ಎಂದು ಕೈಯಲ್ಲೇ ನೋಡಿ ಹೇಳಬಹುದು.

ಹಾಗೆ ಒಂದು 2008ರ ಬಸ್ ನೋಡಲು ಹೋದೆವು. ಬೆಳಿಗ್ಗೆ ಬೇಗ ಹೋಗಿದ್ದು ಬೇಕೆಂದೇ. ಮಾರುವವರು ಮೊದಲೇ ಎಂಜಿನ್ ಬಿಸಿ ಮಾಡಿಟ್ಟರೆ ಏನೂ ಗೊತ್ತಾಗುವುದಿಲ್ಲ. ಆ ಚಳಿಯಲ್ಲೂ ಅರ್ಧ ಸೆಲ್ಫ್‌ಗೇ ಎದ್ದಿತು. ಆಯಿಲ್ ಮುಚ್ಚಳ ತೆಗೆದರೆ ಹೊಗೆ ಇಲ್ಲ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯೂ ಇಲ್ಲ. ಮಾವನ ಮುಖ ಅರಳಿತ್ತು.

ಆಮೇಲೆ ಜೊತೆಗೆ ಬಂದಿದ್ದ ಗಾಡಿ ರಿಪೇರಿ ಮೇಸ್ತ್ರಿ ಒಂದು ಗೋಣಿ ಹಾಸಿಕೊಂಡು ಕೆಳಗೆ ತೂರಿದರು. ಸಣ್ಣ ಸುತ್ತಿಗೆಯಲ್ಲಿ ಚಾಸಿ, ಅಂದರೆ ಇಡೀ ಬಸ್ ಹೊರುವ ಕಬ್ಬಿಣದ ಚೌಕಟ್ಟಿನ ಮೇಲೆ ತಟ್ಟುತ್ತಾ ಹಿಂದಕ್ಕೆ ಹೋದರು. ಮುಂದೆ ಟಣ್ ಟಣ್ ಎನ್ನುತ್ತಿತ್ತು. ಹಿಂದಿನ ಚಕ್ರದ ಹತ್ತಿರ ಬರುವಾಗ ಸದ್ದು ಮಂಕಾಯಿತು. ತುಕ್ಕು ಹಪ್ಪಳದ ಹಾಗೆ ಎದ್ದು ಬಿತ್ತು. ಬಾಡಿ ಹೊರುವ ಕ್ರಾಸ್ ಮೆಂಬರ್‌ಗೆ ಸ್ಕ್ರೂಡ್ರೈವರ್ ಒತ್ತಿದರು, ತುದಿ ಒಳಗೇ ಹೋಯಿತು. ಮೇಲೆ ಹೊಸ ಕಪ್ಪು ಪೇಂಟ್ ಹೊಡೆದಿದ್ದರಿಂದ ಕಣ್ಣಿಗೆ ಏನೂ ಕಂಡಿರಲಿಲ್ಲ.

ನನಗೆ ನಿಜವಾಗಿ ಬೇಸರವಾಗಿದ್ದು ಆಮೇಲೆ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಸರ್ಟಿಫಿಕೇಟ್) ಮಾಡಿಸಲು ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ ಅಲ್ವಾ? ಮೇಸ್ತ್ರಿ ಅದನ್ನೂ ಮಾಡಿ ನೋಡಿದರು. ಮೂರು ಸಲ ಉಜ್ಜಿದರೂ ಕೊನೆಯ ನಾಲ್ಕು ಅಂಕಿ ಮೂಡಲೇ ಇಲ್ಲ, ತುಕ್ಕು ತಿಂದಿತ್ತು. ಎಂಜಿನ್ ಎಷ್ಟೇ ಚೆನ್ನಾಗಿರಲಿ, ನಂಬರ್ ಓದಲು ಬಾರದ ಚಾಸಿ ಮೇಲೆ ಮನೆ ಕಟ್ಟುವುದು ಹೇಗೆ? ಅದೂ ಅಲ್ಲದೆ 15 ವರ್ಷ ದಾಟಿದ ಬಸ್ಸುಗಳ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ವಿಪರೀತ ಏರಿಸಿದ್ದಾರೆ.

ವಾಪಸ್ ಬರುವಾಗ ಮಾವ ಮಾತಾಡಲಿಲ್ಲ. ಅವರಿಗೆ ಆ ಎಂಜಿನ್ ಅಷ್ಟು ಇಷ್ಟವಾಗಿತ್ತು.

ಏಪ್ರಿಲ್

ಈ ಸಲ ಹೆಂಡತಿಯ ಆಯ್ಕೆ. 2021ರ ಬಿಎಸ್ 6 ಬಸ್, ಟೂರಿಗೆ ಓಡಿದ್ದು. ಬಿಎಸ್ ಅಂದರೆ ಹೊಗೆ ಎಷ್ಟಿರಬಹುದು ಎನ್ನುವ ಸರ್ಕಾರದ ಮಿತಿ, ಅಂಕಿ ಏರಿದಷ್ಟೂ ಬಿಗಿ. ಒಳಗೆ ಎಷ್ಟು ಚೆಂದ! ನಡುವೆ ನಿಂತರೆ ತಲೆ ತಾಗುವುದಿಲ್ಲ, ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ, ಕೆಳಗೆ ತಗಡೆಲ್ಲಾ ಗಟ್ಟಿ. ಅವಳಿಗೆ ಅಡುಗೆ ಕಟ್ಟೆ ಎಲ್ಲಿ, ಹಾಸಿಗೆ ಎಲ್ಲಿ ಎನ್ನುವುದೂ ಅಲ್ಲೇ ಗೊತ್ತಾಗಿತ್ತು.

ತೊಂದರೆ ನಮ್ಮ ಬಳಕೆಯದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಬಸ್ಸುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಒಂದೇ ಸಮನೆ ಒಳ್ಳೆ ಓಟ ಬೇಕು. ಕಣದಿಂದ ಸುಂಟಿಕೊಪ್ಪ ಪೇಟೆಗೆ ಹೋಗಿ ಬರುವ ಓಟಕ್ಕೆ ಅದು ಆಗುವುದಿಲ್ಲ. ಇನ್ನೊಂದು ಆಡ್‌ಬ್ಲೂ. ಹೊಗೆಯ ವಿಷ ಕಮ್ಮಿ ಮಾಡಲು ಸೈಲೆನ್ಸರ್ ಕೊಳವೆಯೊಳಗೆ ಚಿಮ್ಮಿಸುವ ದ್ರವ ಅದು, ನೂರರಲ್ಲಿ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅದು ನಳಿಗೆಯ ತುದಿಯಲ್ಲಿ ಬಿಳಿ ಹರಳಾಗಿ ಕಟ್ಟಿಕೊಳ್ಳಬಹುದು. ಆಮೇಲೆ ಎಂಜಿನ್ ಲೈಟ್ ಹತ್ತಿದರೆ ಲ್ಯಾಪ್‌ಟಾಪ್ ಹಾಕಿ ನೋಡುವವರು ಬೇಕು.

ದಿನಾ ಓಡುವ ಗಾಡಿಗೆ ಬಿಎಸ್ 6 ಒಳ್ಳೆಯದೇ. ಘಾಟಿಯ ಗಾಳಿಗೂ ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಲ್ಲುವ ಗಾಡಿಗೆ ಅಲ್ಲ. ಹೆಂಡತಿಗೆ ಇದನ್ನು ಒಪ್ಪಿಸಲು ನನಗೆ ನಾಲ್ಕು ದಿನ ಬೇಕಾಯಿತು. ಕೊನೆಗೆ ಅವಳೇ ಕೇಳಿದಳು, "ಹಾಗಾದ್ರೆ ಮಳೆ ಕಮ್ಮಿ ಇರೋ ಕಡೆ ಹುಡುಕೋದಲ್ವಾ? ನಾವ್ಯಾಕೆ ಬರೀ ವರ್ಷ ನೋಡ್ತಿದ್ದೀವಿ?"

ಅದು ನನಗೆ ಹೊಳೆದೇ ಇರಲಿಲ್ಲ.

ಮೇ 9

ಕುಶಾಲನಗರ ದಾಟಿದರೆ ಮಳೆ ಸರ್ರನೆ ಇಳಿಯುತ್ತದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬಯಲಿನಲ್ಲಿ ಓಡಿದ ಬಸ್ಸೂ ಮಡಿಕೇರಿಯಲ್ಲಿ ಓಡಿದ ಬಸ್ಸೂ ಒಂದೇ ವರ್ಷದ್ದಾದರೂ ಒಂದೇ ವಯಸ್ಸಿನವಲ್ಲ. ಆ ಕಡೆ 2015ರ ಒಂದು ಸ್ಕೂಲ್ ಬಸ್ ಸಿಕ್ಕಿತು. ಬಿಎಸ್ 3, ಮೆಕ್ಯಾನಿಕಲ್ ಪಂಪ್. ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್, ಉಳಿದ ಹೊತ್ತು ಶೆಡ್‌ನೊಳಗೆ.

ಮೇಸ್ತ್ರಿ ಮತ್ತೆ ಗೋಣಿ ಹಾಸಿದರು. ಹಿಂದಿನವರೆಗೂ ಟಣ್ ಟಣ್. ಪೆನ್ಸಿಲ್ ಒಂದೇ ಸಲ ಉಜ್ಜಿದ್ದಕ್ಕೆ ಪೂರಾ ನಂಬರ್ ಮೂಡಿತು. ಆ ಕಾಗದ ಈಗ ನಮ್ಮ ಫೈಲ್‌ನಲ್ಲಿದೆ.

ಕೊರತೆ ಇಲ್ಲ ಅಂತಲ್ಲ. ಒಳಗಿನ ಎತ್ತರ ಐದು ಅಡಿ ಹತ್ತು ಇಂಚು, ನಾನು ಸ್ವಲ್ಪ ತಲೆ ಬಗ್ಗಿಸಬೇಕು. ಕ್ಲಚ್ ಪ್ಲೇಟ್ ಹಾಕಿಸಬೇಕು, ಹಿಂದಿನ ಎರಡು ಟೈರ್ ಬದಲಿಸಬೇಕು. 2030ಕ್ಕೆ 15 ವರ್ಷ ತುಂಬುತ್ತದೆ ಎನ್ನುವುದೂ ತಲೆಯಲ್ಲಿದೆ. ಆದರೂ ಇಬ್ಬರೂ ಅಲ್ಲೇ ಒಪ್ಪಿ ಅಡ್ವಾನ್ಸ್ ಕೊಟ್ಟೆವು. ಆನೆಕಾಡು ದಾಟಿಸಿ ಬಸ್ಸನ್ನು ಮನೆಗೆ ತಂದವರು ಮಾವನೇ. ಮೂರನೇ ಗೇರಿನಲ್ಲಿ ಏರು ಹತ್ತಿಸಿದ ಮೇಲೆ, "ಪಂಪು ಚೆನ್ನಾಗಿದೆ" ಎಂದರು.

ಇದೇ ಕೆಲಸಕ್ಕೆ ಇಳಿಯುವವರು ಕಾಗದದ ಕಡೆ ಗಮನ ಕೊಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ರೂಪವನ್ನು ಸುಮ್ನೆ ಬದಲಿಸುವಂತಿಲ್ಲ. ಮೊದಲು ಆರ್‌ಟಿಒ ಒಪ್ಪಿಗೆ, ಆಮೇಲೆ ಕೆಲಸ. ಹಳದಿ ಬಣ್ಣ ತೆಗೆದರೆ ಅದೂ ಆರ್‌ಸಿಯಲ್ಲಿ ಬರಬೇಕು. ನಮ್ಮ ನಕ್ಷೆ ಹಿಡಿದು ಮುಂದಿನ ವಾರ ಹೋಗುತ್ತೇವೆ. ಅಲ್ಲಿಯವರೆಗೆ ಒಂದು ಸೀಟೂ ಬಿಚ್ಚುವುದಿಲ್ಲ.

ಮೇ 17

ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ) ಮಳೆಗೆ ಮೊದಲು ಸೋರುವುದು ಗೊತ್ತಾಗಬೇಕಿತ್ತು. ಕಾಫಿ ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ತಂದು ಬಸ್ಸಿನ ಮೇಲೆ ಒಂದು ಗಂಟೆ ಬಿಟ್ಟೆವು. ಇಬ್ಬರೂ ಒಳಗೆ ಟಾರ್ಚ್ ಹಿಡಿದು ಕೂತಿದ್ದೆವು. ಹನಿ ಕಂಡಲ್ಲೆಲ್ಲಾ ಅವಳು ಟೇಪ್ ತುಂಡು ಅಂಟಿಸುತ್ತಾ ಹೋದಳು. ಒಟ್ಟು ಹನ್ನೊಂದು ಜಾಗ. ಒಂಬತ್ತು ಕಿಟಕಿಯ ರಬ್ಬರ್‌ನಲ್ಲಿ, ಎರಡು ಟಾಪಿನ ರಿವೆಟ್‌ನಲ್ಲಿ. ರಬ್ಬರ್ ಬೀಡಿಂಗ್ ಮೈಸೂರಿನಿಂದ ತರಬೇಕು. ಅಳತೆ ತೆಗೆದುಕೊಂಡಿದ್ದೇನೆ.