ಒಂದೇ ಹೆಸರು ಹೇಳು ಎನ್ನುವವರಿಗೆ

ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಸೈಕ್ಲಿಂಗ್ ಲೀಗ್‌ನ ಕೊನೆಯ ಓಟ ಮುಗಿಯುತ್ತದೆ. ನಾನು ಕುಳಿತು ಲೆಕ್ಕ ತಾಳೆ ನೋಡಿ ಎರಡು ಪಟ್ಟಿ ಕಳುಹಿಸುತ್ತೇನೆ. ಒಂದು ತಂಡಗಳದ್ದು, ಇನ್ನೊಂದು ಸವಾರರದ್ದು. ಅಲ್ಲಿಂದ ಎರಡು ವಾರ ಒಂದೇ ಪ್ರಶ್ನೆ: "ಅದೆಲ್ಲ ಸರಿ, ನಿಜವಾಗಿ ಗೆದ್ದದ್ದು ಯಾರು?" ಫೋನಿನಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ನಾನು ಕೆಲಸ ಮಾಡುವ ಸೊಸೈಟಿಯ ಕೌಂಟರಿನ ಆಚೆ ನಿಂತು ಪಾಸ್‌ಬುಕ್ ಚಾಚುತ್ತಾ ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಇದು ಕಂಪ್ಯೂಟರ್‌ನಲ್ಲಿ ನಡೆಯುವ ಲೀಗ್. ಉಡುಪಿ, ಮಣಿಪಾಲ, ಮಂಗಳೂರಿನ ಹತ್ತು ಮಂದಿ ಮ್ಯಾನೇಜರ್‌ಗಳಿದ್ದೇವೆ. ಒಬ್ಬೊಬ್ಬರ ತಂಡದಲ್ಲಿ ಎಂಟು ಸವಾರರು, ಒಟ್ಟು 80. ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಭಾನುವಾರ ರಾತ್ರಿಗಳಲ್ಲಿ 24 ಓಟ. ಏರು, ಸಮತಟ್ಟು, ಇಳಿಜಾರು, ಸ್ಪ್ರಿಂಟ್, ಟೈಮ್ ಟ್ರಯಲ್, ದಮ್ಮು, ಚೇತರಿಕೆ ಎಂದು ಪ್ರತಿ ಸವಾರನಿಗೂ ಒಂದೊಂದಕ್ಕೆ ಒಂದೊಂದು ಅಂಕಿ ಇರುತ್ತದೆ. ಯಾರು ಯಾರನ್ನು ಕಾಯಬೇಕು, ಎಲ್ಲಿಂದ ಎಲ್ಲಿಯವರೆಗೆ ಯಾರು ಮುಂದೆ ನಿಂತು ಎಳೆಯಬೇಕು ಎಂದು ಮ್ಯಾನೇಜರ್ ಹೇಳಿಡುತ್ತಾರೆ. ಉಳಿದದ್ದನ್ನು ಕಂಪ್ಯೂಟರ್ ಓಡಿಸುತ್ತದೆ. ಮೊದಲ ಹತ್ತು ಸ್ಥಾನಗಳಿಗೆ ಅಂಕ, ಗೆದ್ದವನಿಗೆ 40. ತಂಡದ ಅಂಕವೆಂದರೆ ಅದರ ಅತ್ಯುತ್ತಮ ಐವರು ಸವಾರರ ಅಂಕಗಳ ಮೊತ್ತ.

ಈ ವರ್ಷ ಸವಾರರ ಪಟ್ಟಿಯ ತುದಿಯಲ್ಲಿರುವವನಿಗೆ 412 ಅಂಕ. ಎಂಟು ಓಟ ಗೆದ್ದಿದ್ದಾನೆ, ಅವನ ಹತ್ತಿರಕ್ಕೆ ಯಾರೂ ಬಂದಿಲ್ಲ. ಆದರೆ ಅವನ ತಂಡದ ಮುಂದಿನ ನಾಲ್ವರು ತಂದದ್ದು 61, 38, 20 ಮತ್ತು 9. ಒಟ್ಟು 540, ಮೂರನೆಯ ಸ್ಥಾನ. ಮೊದಲು ಬಂದ ತಂಡದ ಐವರು 168, 151, 140, 122, 97. ಒಟ್ಟು 678. ಅವರಲ್ಲಿ ಮೇಲಿನವನು ಸವಾರರ ಪಟ್ಟಿಯಲ್ಲಿ ಆರನೆಯವನು, ಅಷ್ಟೇ. ತಂಡವಾಗಿ ಗೆದ್ದದ್ದು ಇವರು, ಸವಾರನಾಗಿ ಗೆದ್ದದ್ದು ಅವನು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು.

ಆದರೆ ಕೇಳುವವರಿಗೆ ಇದು ಸಾಲುವುದಿಲ್ಲ. ಆ "ನಿಜವಾಗಿ" ಎಂಬ ಮಾತೇ ನನ್ನನ್ನು ಕೆರಳಿಸುವುದು. ಎರಡು ಪಟ್ಟಿಗಳಲ್ಲಿ ಒಂದು ಸುಳ್ಳು, ಯಾವುದು ಸುಳ್ಳೆಂದು ನನ್ನ ಬಾಯಿಂದಲೇ ಹೊರಡಿಸಬೇಕು ಎಂಬ ಧಾಟಿ ಅದರಲ್ಲಿದೆ. ನಾನು ಹಗಲಿಡೀ ಲೆಕ್ಕ ಬರೆಯುವವಳು. ಠೇವಣಿಯ ಪುಸ್ತಕ ಬೇರೆ, ಸಾಲದ ಪುಸ್ತಕ ಬೇರೆ. ಯಾವುದು ನಿಜವಾದ ಪುಸ್ತಕ ಎಂದು ಯಾರಾದರೂ ಕೇಳಿದ್ದಾರೆಯೇ?

ಕಳೆದ ತಿಂಗಳು ಕಾಪುವಿನಲ್ಲಿ ದೊಡ್ಡಮ್ಮನ ಮಗನ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಮಾವ ಎದುರಿನ ಸಾಲಿನಲ್ಲಿ ಕುಳಿತಿದ್ದರು. ಸಾರು ಬಡಿಸಿ ಆಗಿತ್ತು. ಅಲ್ಲಿಂದಲೇ ಗಟ್ಟಿಯಾಗಿ ಕೇಳಿದರು: "ಏ ಮಾರಾಯ್ತಿ, ನಿನ್ನ ಸೈಕಲ್ ಲೀಗಿನ ಎರಡೆರಡು ಪಟ್ಟಿ ನನಗೆ ಬೇಡ. ಗೆದ್ದದ್ದು ಯಾರು? ಒಂದೇ ಹೆಸರು ಹೇಳು." ಅಕ್ಕಪಕ್ಕದವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಬಡಿಸುವ ಹುಡುಗನೂ ಸಾರಿನ ಬಕೆಟ್ ಹಿಡಿದು ನಿಂತ.

ನನಗೆ ಸಿಟ್ಟು ಬಂತು. ಏಕೆಂದರೆ ಕೇಳಿದವರು ಕಂಬಳ ಗೊತ್ತಿಲ್ಲದವರಲ್ಲ. ಕಟಪಾಡಿಯ ಮೂಡು-ಪಡು ಜೋಡುಕರೆ ಕಂಬಳದಲ್ಲಿ ರಾತ್ರಿಯಿಡೀ ನಿಂತು, ಫಲಿತಾಂಶವನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಬೆಳಿಗ್ಗೆ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬರುವವರು. ನಾನು ಕೇಳಿದೆ: "ಮಾವ, ಕಂಬಳದಲ್ಲಿ ಗೆಲ್ಲುವುದು ಯಾರು? ಒಂದೇ ಹೆಸರು ಹೇಳಿ."

"ಯಾವ ವಿಭಾಗದಲ್ಲಿ?" ಎಂದರು.

ನೋಡಿ, ಅವರಿಗೇ ಒಂದು ಹೆಸರು ಸಾಲುವುದಿಲ್ಲ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಹೀಗೆ ಆರು ವಿಭಾಗ. ಹಗ್ಗದಲ್ಲಿ ಕರೆಯ, ಅಂದರೆ ಕೋಣ ಓಡುವ ಕೆಸರು ಗದ್ದೆಯ, ಕೊನೆಯಲ್ಲಿರುವ ಮಂಜೊಟ್ಟಿಗೆ ಮೊದಲು ಮುಟ್ಟಬೇಕು. ಕನೆಹಲಗೆಯಲ್ಲಿ ಓಟದ ವೇಗ ಲೆಕ್ಕಕ್ಕಿಲ್ಲ, ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಮರುದಿನ ಪತ್ರಿಕೆಯಲ್ಲಿ ಪ್ರತಿ ವಿಭಾಗದ ಕೆಳಗೆ ಮೊದಲು ಕೋಣಗಳ ಯಜಮಾನರ ಹೆಸರು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಸಾಲು, "ಓಡಿಸಿದವರು". ಹಲಗೆಯ ವಿಭಾಗವಾದರೆ "ಹಲಗೆ ಮುಟ್ಟಿದವರು". ಚಿಕ್ಕಂದಿನಲ್ಲಿ ಆ ಸಾಲುಗಳನ್ನು ಗಟ್ಟಿಯಾಗಿ ಓದಿಸಿ ನನಗೆ ಪತ್ರಿಕೆ ಓದುವುದನ್ನು ಕಲಿಸಿದ್ದೇ ಈ ಮಾವ.

"ಕೋಣ ಸಾಕುವುದು ಮನೆಯವರು, ಕರೆಯಲ್ಲಿ ಓಡಿಸುವುದು ಅವನು. ಇಬ್ಬರ ಹೆಸರೂ ಬರಬೇಕು, ಇಲ್ಲದಿದ್ದರೆ ಅನ್ಯಾಯ" ಎಂದು ಮಾವ ನನಗೇ ಬಿಡಿಸಿ ಹೇಳಿದರು. "ಅಷ್ಟೇ ಮಾವ, ನನ್ನದೂ ಅಷ್ಟೇ" ಎಂದೆ. ಮಾವ ತಲೆಯಾಡಿಸಿದರು. ಹಯಗ್ರೀವ ಬಂತು, ಇಬ್ಬರೂ ತಿಂದೆವು. ಕೈ ತೊಳೆಯುವಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಆದರೂ ಒಂದು ಹೆಸರು ಹೇಳುವುದಾದರೆ?"

ಇದು ನಮ್ಮ ಹತ್ತು ಜನರ ಹುಚ್ಚು, ನಿಜವಾದ ಸೈಕ್ಲಿಂಗ್‌ನಲ್ಲಿ ಹೀಗಿರಲಾರದು ಎಂದುಕೊಂಡವರೂ ಇದ್ದಾರೆ. ಟೂರ್ ಡಿ ಫ್ರಾನ್ಸ್‌ನಲ್ಲಿ ಹಳದಿ ಅಂಗಿ ಒಟ್ಟು ಸಮಯದಲ್ಲಿ ಮೊದಲಿಗನಾದವನಿಗೆ, ಹಸಿರು ಅಂಗಿ ಅಂಕಗಳಿಗೆ, ಕೆಂಪು ಚುಕ್ಕೆಯ ಅಂಗಿ ಬೆಟ್ಟ ಹತ್ತುವುದರಲ್ಲಿ ಮೊದಲಿಗನಾದವನಿಗೆ. ತಂಡದ ಲೆಕ್ಕ ಇನ್ನೂ ಬೇರೆ. ಪ್ರತಿ ಹಂತದಲ್ಲಿ, ಅಂದರೆ ಒಂದೊಂದು ದಿನದ ಓಟದಲ್ಲಿ, ಒಂದೊಂದು ತಂಡದ ಮೊದಲ ಮೂವರ ಸಮಯ ಕೂಡಿಸುತ್ತಾ ಹೋಗುತ್ತಾರೆ. 2015 ಮತ್ತು 2016ರಲ್ಲಿ ಹಳದಿ ಅಂಗಿ ಸ್ಕೈ ತಂಡದ ಕ್ರಿಸ್ ಫ್ರೂಮ್‌ಗೆ ಹೋಯಿತು, ತಂಡದ ಮೊದಲ ಸ್ಥಾನ ಎರಡೂ ವರ್ಷ ಮೊವಿಸ್ಟಾರ್‌ಗೆ ಹೋಯಿತು. ಗೆದ್ದವನನ್ನು ಹೇಗೆ ಅಳೆಯಬೇಕು ಎಂಬುದನ್ನೂ ಅವರು ಬದಲಾಯಿಸಿದ್ದಾರೆ. 1904ರ ಟೂರ್‌ನಲ್ಲಿ ಮೋಸ ಮಿತಿಮೀರಿ ಮೊದಲ ನಾಲ್ವರನ್ನೂ ಅನರ್ಹಗೊಳಿಸಬೇಕಾಯಿತು. ಮರುವರ್ಷದಿಂದ 1912ರವರೆಗೆ ಒಟ್ಟು ಸಮಯದ ಲೆಕ್ಕವನ್ನೇ ಬಿಟ್ಟು, ಪ್ರತಿ ಹಂತದ ಸ್ಥಾನಕ್ಕೆ ಅಂಕ ಕೊಟ್ಟು ವಿಜೇತನನ್ನು ಆರಿಸಿದರು.

ಪಟ್ಟಿ ಎಂದರೆ ಓಟ ಮುಗಿದ ಮೇಲೆ ಬರೆಯುವ ಕಾಗದ ಎಂದು ತಿಳಿದಿದ್ದೀರಿ. ಅದು ಓಟ ಶುರುವಾಗುವ ಮೊದಲೇ ಕೆಲಸ ಮಾಡುತ್ತದೆ. 2022ರಲ್ಲಿ ಸೈಕ್ಲಿಂಗ್‌ನ ಅತಿ ಮೇಲಿನ ದರ್ಜೆಯಾದ ವರ್ಲ್ಡ್ ಟೂರ್‌ನ ಕೆಳಗಿನ ತಂಡಗಳಿಗೆ ಹಿಂಬಡ್ತಿಯ ಭಯ. ಮೂರು ವರ್ಷದ ಅಂಕ ಕೂಡಿಸಿ ಮೊದಲ 18 ತಂಡಗಳನ್ನು ಮಾತ್ರ ಉಳಿಸಿಕೊಳ್ಳುವುದಿತ್ತು. ಆಗಿನ ನಿಯಮದಲ್ಲಿ ಟೂರ್ ಡಿ ಫ್ರಾನ್ಸ್‌ನ ಒಂದು ಹಂತ ಗೆದ್ದರೆ 120 ಅಂಕ, ಹೆಸರೇ ಕೇಳದ ಒಂದು ದಿನದ ಸಣ್ಣ ಓಟ ಗೆದ್ದರೆ 125. ತಂಡಗಳು ಏನು ಮಾಡಿದವು? ಸಣ್ಣ ಓಟಗಳನ್ನು ಹುಡುಕಿಕೊಂಡು ಹೋದವು, ಅಲ್ಲಿ ಗೆಲುವಿಗಿಂತ ನಾಲ್ಕನೆಯ, ಆರನೆಯ ಸ್ಥಾನ ಹೆಕ್ಕಿದವು. ಆದರೂ ಲೊಟ್ಟೊ ಸೌಡಾಲ್ ಮತ್ತು ಇಸ್ರೇಲ್ ಪ್ರೀಮಿಯರ್ ಟೆಕ್ ಕೆಳಗೆ ಇಳಿದವು. ಮರುವರ್ಷ ಟೂರ್‌ನ ಹಂತಕ್ಕೆ 210 ಅಂಕ ಮಾಡಿದರು, ತಂಡದ ಲೆಕ್ಕಕ್ಕೆ ಹತ್ತು ಸವಾರರ ಬದಲು ಇಪ್ಪತ್ತು ಸವಾರರನ್ನು ಸೇರಿಸಿದರು.

ನಮ್ಮ ಲೀಗ್‌ನಲ್ಲೂ ಮೂರು ವರ್ಷದ ಹಿಂದೆ ಮೂವರ ಮೊತ್ತವಿತ್ತು. ಎಲ್ಲರೂ ಮೂರು ಒಳ್ಳೆಯ ಸವಾರರನ್ನು ಕೊಂಡು ಉಳಿದ ಐವರನ್ನು ಲೆಕ್ಕಭರ್ತಿಗೆ ಇಟ್ಟುಕೊಳ್ಳುತ್ತಿದ್ದರು. ಜಗಳವಾಡಿ ಐದು ಮಾಡಿಸಿದೆ. ಇಬ್ಬರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಐದು ಮಾಡಿದ ಮೇಲೆ ಓಟಗಳೇ ಬೇರೆಯಾದವು. ಆರು ಮಾಡಬೇಕೆಂದು ಈಗಲೂ ನನ್ನ ಅಭಿಪ್ರಾಯ, ಡಿಸೆಂಬರ್‌ನ ಸಭೆಯಲ್ಲಿ ಎತ್ತುತ್ತೇನೆ.

ಆದರೆ ಐದಾಗಲಿ, ಆರಾಗಲಿ, ಒಂದು ಕೆಲಸ ಯಾವ ಮೊತ್ತದಲ್ಲೂ ಬರುವುದಿಲ್ಲ. ಯಾರಾದರೂ ಅದನ್ನು ಕೇಳಬಾರದೇ ಎಂದು ನಾನು ವರ್ಷವರ್ಷವೂ ಕಾಯುತ್ತೇನೆ.

ಜುಲೈಯಲ್ಲಿ ನಮ್ಮ ಊರಿನದೇ ಒಂದು ಓಟ ಇಟ್ಟಿದ್ದೆವು. ಉಡುಪಿಯಿಂದ ಹೊರಟು ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ, ಅಲ್ಲಿಂದ ಘಾಟಿಯ 14 ತಿರುವು ಹತ್ತಿ ಆಗುಂಬೆಯಲ್ಲಿ ಗೆರೆ. ಮಾರ್ಗವನ್ನು ಕಂಪ್ಯೂಟರ್‌ಗೆ ಇಳಿಸಲು ನಮಗೆ ಎರಡು ತಿಂಗಳು ಹಿಡಿದಿತ್ತು. ಆ ಭಾನುವಾರ ಹೊರಗೆ ಮಳೆ ಹುಯ್ಯುತ್ತಿತ್ತು, ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪ್‌ನ ಬ್ಯಾಟರಿಯಲ್ಲೇ ನೋಡುತ್ತಿದ್ದೆ. ಮೂವರು ಸವಾರರು ಮೊದಲೇ ತಪ್ಪಿಸಿಕೊಂಡು ಮೂರು ನಿಮಿಷ ಮುಂದೆ ಹೋಗಿದ್ದರು. ಹಿರಿಯಡ್ಕ ದಾಟಿದ ಮೇಲೆ ಒಬ್ಬ ಗುಂಪಿನ ತಲೆಗೆ ಬಂದ. ಅವನ ಹಿಂದೆ ಅವನ ತಂಡದ ನಾಯಕ, ಅವನ ಹಿಂದೆ ಉಳಿದವರೆಲ್ಲ.

ಮುಂದೆ ನಿಲ್ಲುವುದೆಂದರೆ ಏನೆಂದು ತಿಳಿಯಬೇಕಾದರೆ ಗಾಳಿಯ ಲೆಕ್ಕ ತಿಳಿಯಬೇಕು. ಸೈಕಲ್‌ನ ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಿಂದಿನವನಿಗೆ ಆ ಹೊರೆಯ ದೊಡ್ಡ ಪಾಲು ಇಳಿಯುತ್ತದೆ, ಮುಂದಿನವನು ಅಷ್ಟನ್ನೂ ಹೊರುತ್ತಾನೆ. ಕಂಪ್ಯೂಟರ್ ಇದನ್ನು ಮರೆಯುವುದಿಲ್ಲ. ಪರದೆಯಲ್ಲಿ ಅವನ ಶಕ್ತಿಯ ಹಸಿರು ಗೆರೆ ಪೆರ್ಡೂರಿನಲ್ಲಿ ಅರ್ಧವಾಯಿತು, ಹೆಬ್ರಿಯಲ್ಲಿ ಕಾಲು ಉಳಿಯಿತು, ಸೋಮೇಶ್ವರ ಬರುವಾಗ ಕೆಂಪಾಗಿತ್ತು. ಮೂರು ನಿಮಿಷದ ಅಂತರ ಇಪ್ಪತ್ತು ಸೆಕೆಂಡಿಗೆ ಇಳಿದಿತ್ತು. ಘಾಟಿಯ ಬುಡದಲ್ಲಿ ಅವನು ಬದಿಗೆ ಸರಿದ, ಗುಂಪು ಅವನನ್ನು ದಾಟಿ ಮೇಲೆ ಹೋಯಿತು. ಆಗುಂಬೆಯಲ್ಲಿ ಅವನ ನಾಯಕ ಗೆದ್ದು 40 ಅಂಕ ಪಡೆದ. ಇವನು 63ನೆಯವನಾಗಿ ಒಬ್ಬನೇ ಹತ್ತಿ ಬಂದ. ಅಂಕ ಸೊನ್ನೆ.

ಅವನು ಮೊದಲ ಸ್ಥಾನದ ತಂಡದವನೇ. 24 ಓಟಗಳಲ್ಲೂ ಅವನಿಗೆ ಕೊಟ್ಟ ಕೆಲಸ ಇದೇ. ವರ್ಷದ ಕೊನೆಗೂ ಸೊನ್ನೆ.

ಫ್ರೆಂಚರು ಇಂಥ ಸವಾರನನ್ನು ಡೊಮೆಸ್ಟಿಕ್ ಎನ್ನುತ್ತಾರೆ, ಮನೆಯಾಳು ಎಂಬ ಅರ್ಥದಲ್ಲಿ. ನನಗೆ ಆ ಪದ ಇಷ್ಟವಿಲ್ಲ. 1934ರ ಟೂರ್‌ನಲ್ಲಿ ರೆನೆ ವಿಯೆಟೊ ಎಂಬ 20 ವರ್ಷದ ಹುಡುಗನಿದ್ದ. ಬೆಟ್ಟ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಿರೆನೀಸ್‌ನ ಇಳಿಜಾರಿನಲ್ಲಿ ತಂಡದ ನಾಯಕ ಆಂಟೊನಿನ್ ಮಾನ್ಯ ಬಿದ್ದು ಚಕ್ರ ಮುರಿದುಕೊಂಡಾಗ ಹುಡುಗ ತನ್ನ ಚಕ್ರ ಬಿಚ್ಚಿ ಕೊಟ್ಟ. ಬದಲಿ ಚಕ್ರ ಬರುವವರೆಗೆ ರಸ್ತೆ ಬದಿಯ ಗೋಡೆಯ ಮೇಲೆ ಕುಳಿತು ಅತ್ತ. ಆ ಚಿತ್ರ ಇಂದಿಗೂ ಇದೆ. ಮರುದಿನ ನಾಯಕನ ಸೈಕಲ್ ಮತ್ತೆ ಕೆಟ್ಟಿತು. ಮುಂದೆ ಹೋಗಿದ್ದ ವಿಯೆಟೊ ಸುದ್ದಿ ತಿಳಿದು ತಿರುಗಿ, ಇಳಿದಿದ್ದ ಬೆಟ್ಟವನ್ನೇ ಮತ್ತೆ ಹತ್ತಿ ಹೋಗಿ ತನ್ನ ಸೈಕಲ್ ಕೊಟ್ಟ. ಮಾನ್ಯ ಆ ವರ್ಷದ ಟೂರ್ ಗೆದ್ದ. ವಿಯೆಟೊ ಐದನೆಯವನು. ಬೆಟ್ಟದ ಬಹುಮಾನ ಮಾತ್ರ ಅವನಿಗೆ ಬಂತು. ಚಕ್ರ ಕೊಟ್ಟದ್ದಕ್ಕೆ ಯಾವ ಪಟ್ಟಿಯಲ್ಲೂ ಕಲಂ ಇರಲಿಲ್ಲ.

ಹಾಗಾಗಿ ನನಗೆ ಬೇಕಾದ ಪ್ರಶ್ನೆ "ಗೆದ್ದದ್ದು ಯಾರು" ಎಂಬುದಲ್ಲ. ಅದು ಪಟ್ಟಿಯ ಮೊದಲ ಸಾಲಿನಲ್ಲೇ ಇದೆ, ಓದಿಕೊಳ್ಳಿ. ಸೊನ್ನೆ ಅಂಕದವರ ಹೆಸರನ್ನೂ ಏಕೆ ಬರೆಯುತ್ತೀ ಎಂದು ಕೇಳಿ. ಈ ವರ್ಷ ಅಂಥವರು 23 ಮಂದಿ. ಮೊದಲ ವರ್ಷ ಅವರನ್ನು ಅಕಾರಾದಿಯಾಗಿ ಬರೆದೆ. ನೋಡಿದರೆ ಮನಸ್ಸಿಗೆ ಸರಿಬರಲಿಲ್ಲ. ಎರಡು ಓಟಕ್ಕೆ ಬಂದು ಅರ್ಧದಲ್ಲಿ ಬಿಟ್ಟವನೂ, ವರ್ಷವಿಡೀ ತಂಡವನ್ನು ಎಳೆದವನೂ ಅಕ್ಷರದ ದೆಸೆಯಿಂದ ಮೇಲೆ ಕೆಳಗೆ ಆಗಿದ್ದರು. ಮರುವರ್ಷದಿಂದ ಒಂದು ನಿಯಮ ಮಾಡಿದೆ: ಅಂಕ ಸಮವಿದ್ದರೆ, ಗೆರೆ ದಾಟಿ ಮುಗಿಸಿದ ಓಟಗಳ ಸಂಖ್ಯೆ ಹೆಚ್ಚಿದ್ದವನು ಮೇಲೆ. ಸೊನ್ನೆಗೂ ಇದೇ ನಿಯಮ. ಇದನ್ನು ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆ.

ಈ ಸಲ ಪಟ್ಟಿ ಕಳುಹಿಸಿದ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಗೆದ್ದ ತಂಡದ ಮ್ಯಾನೇಜರ್. ಮಣಿಪಾಲದಲ್ಲಿ ನರ್ಸ್ ಕೆಲಸ, ತಿಂಗಳಲ್ಲಿ ಅರ್ಧ ರಾತ್ರಿಪಾಳಿ. ಭಾನುವಾರದ ಓಟಕ್ಕೆ ಬೇಕಾದ ಸೂಚನೆಗಳನ್ನೆಲ್ಲ ಪಾಳಿಗೆ ಹೊರಡುವ ಮುಂಚೆ ತುಂಬಿಸಿಟ್ಟು ಹೋಗುವವರು. ತಮ್ಮ ತಂಡ ಗೆದ್ದ ಆಗುಂಬೆಯ ಓಟವನ್ನೂ ಅವರು ನೋಡಿರಲಿಲ್ಲ, ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಫಲಿತಾಂಶ ಓದಿದ್ದರು. ಅಭಿನಂದನೆ ಹೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಅಕ್ಕ, ಫೋನಿನಲ್ಲಿ ಪಟ್ಟಿ ಪೂರ್ತಿ ತೆರೆಯುತ್ತಿಲ್ಲ. ವಾರ್ಡಿಗೆ ಹೋಗಬೇಕು, ಹೊತ್ತಿಲ್ಲ. ಹೆಬ್ರಿಯಲ್ಲಿ ಎಳೆದ ನಮ್ಮ ಹುಡುಗ ಎಷ್ಟನೆಯ ಸಾಲಿನಲ್ಲಿದ್ದಾನೆ?"

ಬಾಯಲ್ಲೇ ಇತ್ತು. ಆದರೂ ತಪ್ಪಬಾರದೆಂದು ಪಟ್ಟಿ ತೆರೆದು, ಬೆರಳಿಟ್ಟು ನೋಡಿ ಹೇಳಿದೆ: "ಐವತ್ತೆಂಟು. ಸೊನ್ನೆಯವರಲ್ಲಿ ಮೊದಲನೆಯವನು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಮುಗಿಸಿದ್ದಾನೆ."