114ರ ಪೀಕ್ ಕಲ್ಮಶವಲ್ಲ

ನಮ್ಮ ಲ್ಯಾಬಿನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ತೋರಿಸುವ ಯಂತ್ರ) ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗಿ ಕ್ಲೋರೋಬೆಂಜೀನ್ (ಅಣುವಿನಲ್ಲಿ ಆರು ಕಾರ್ಬನ್, ಐದು ಹೈಡ್ರೋಜನ್, ಒಂದು ಕ್ಲೋರಿನ್) ಸ್ಯಾಂಪಲ್ ಓಡಿಸಿ, "114ರಲ್ಲಿ ಕಲ್ಮಶ ಇದೆ" ಎಂದು ಬರೆದು ತಂದಳು. ಪರದೆಯ ಮೇಲೆ ಅಣುವಿನ ತೂಕ 112 ಎಂದಿರುವಲ್ಲಿ ಎತ್ತರದ ಪೀಕ್, 114ರಲ್ಲಿ ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲಿನಷ್ಟು ಇನ್ನೊಂದು. ನಾನು ಅವಸರದಲ್ಲಿದ್ದೆ. "ಕಲ್ಮಶ ಅಲ್ಲಮ್ಮ, ಅದು ಐಸೊಟೋಪ್. ಎರಡು ನ್ಯೂಟ್ರಾನ್ ಜಾಸ್ತಿ ಇದೆ, ಅಷ್ಟೇ" ಎಂದು ಹೇಳಿ ಹೊರಟುಬಿಟ್ಟೆ.

ಮಧ್ಯಾಹ್ನ ಮತ್ತೆ ಬಂದಳು. "ಸರ್, ಹಾಗಾದರೆ 112ರಲ್ಲಿ ಐಸೊಟೋಪ್ ಇಲ್ಲವಾ?"

ತಪ್ಪು ನನ್ನದೇ. ಮಾಮೂಲಿ ಪರಮಾಣುವಿಗೆ ಹೆಚ್ಚುವರಿ ನ್ಯೂಟ್ರಾನ್ ಅಂಟಿಕೊಂಡರೆ ಅದೇ ಐಸೊಟೋಪ್ ಎಂದು ನನ್ನ ಮಾತಿನಿಂದ ಅವಳು ತಿಳಿದಿದ್ದಳು.

ಜೊತೆಗೆ ಕೂತು ಕಾಗದದಲ್ಲಿ ಬರೆದು ತೋರಿಸಿದೆ. 17 ಪ್ರೋಟಾನ್ ಇದ್ದರೆ ಅದು ಕ್ಲೋರಿನ್. ಆ ಲೆಕ್ಕ ಬದಲಾದರೆ ಧಾತುವೇ ಬೇರೆ. ಜೊತೆಗೆ 18 ನ್ಯೂಟ್ರಾನ್ ಇದ್ದರೆ ಕ್ಲೋರಿನ್-35, 20 ಇದ್ದರೆ ಕ್ಲೋರಿನ್-37. ಮೊದಲನೆಯದಿರುವ ಅಣು 112ರಲ್ಲಿ ಕಾಣುತ್ತದೆ, ಎರಡನೆಯದಿರುವುದು 114ರಲ್ಲಿ. ಎರಡೂ ಐಸೊಟೋಪ್‌ಗಳೇ, ಒಂದು ಅಸಲಿ ಇನ್ನೊಂದು ಅದರ ರೂಪಾಂತರ ಅಂತಿಲ್ಲ. ನ್ಯೂಟ್ರಾನ್ ಬೀಜಕೇಂದ್ರದೊಳಗಿನ ಒಂದು ಕಣ, ಐಸೊಟೋಪ್ ಇಡೀ ಪರಮಾಣುವಿನ ಬಗೆ. ಕನ್ನಡದ 'ಸಮಸ್ಥಾನಿ' ನನಗೆ ತುಂಬಾ ಇಷ್ಟದ ಪದ: ತೂಕ ಬೇರೆಯಾದರೂ ಆವರ್ತ ಕೋಷ್ಟಕದಲ್ಲಿ ಇಬ್ಬರಿಗೂ ಒಂದೇ ಮನೆ. ನಿಸರ್ಗದ ಕ್ಲೋರಿನ್‌ನಲ್ಲಿ ನೂರಕ್ಕೆ ಸುಮಾರು 76 ಪರಮಾಣು ಮೊದಲನೆಯ ಬಗೆ, 24 ಎರಡನೆಯದು. ಪರದೆಯಲ್ಲಿ ಕಂಡ ಮೂರಕ್ಕೆ ಒಂದರ ಅನುಪಾತ ಅದೇ. ಕಲ್ಮಶವಾಗಿದ್ದರೆ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಏರಿಳಿಯುತ್ತಿತ್ತು.

"ನ್ಯೂಟ್ರಾನ್ ಒಂದನ್ನೇ ಇದರಲ್ಲಿ ನೋಡಬಹುದಾ ಸರ್?" ಎಂದಳು. ಆಗುವುದಿಲ್ಲ. ನಮ್ಮ ಯಂತ್ರ ಹಿಡಿಯುವುದು ವಿದ್ಯುದಾವೇಶ ಇರುವ ಅಯಾನುಗಳನ್ನು ಮಾತ್ರ, ನ್ಯೂಟ್ರಾನ್‌ಗೆ ಆವೇಶವೇ ಇಲ್ಲ. ಚರಿತ್ರೆಯಲ್ಲೂ ಐಸೊಟೋಪ್ ಮೊದಲು, ನ್ಯೂಟ್ರಾನ್ ಆಮೇಲೆ. ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ 'ಐಸೊಟೋಪ್' ಎಂಬ ಹೆಸರು ಬಳಸಿದ್ದು 1913ರಲ್ಲಿ. ವಿಜ್ಞಾನಿ ಫ್ರಾನ್ಸಿಸ್ ಆಸ್ಟನ್ ನಮ್ಮ ಯಂತ್ರದ ಪೂರ್ವಜನನ್ನು ಕಟ್ಟಿ, ನಿಯಾನ್ ಪರಮಾಣುಗಳಲ್ಲಿ 20 ಮತ್ತು 22ರ ತೂಕದವು ಇವೆ ಎಂದು ಖಚಿತಪಡಿಸಿದ್ದು 1919ರಲ್ಲಿ. ಭೌತವಿಜ್ಞಾನಿ ಜೇಮ್ಸ್ ಚಾಡ್ವಿಕ್‌ಗೆ ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ! ಅಷ್ಟು ವರ್ಷ ಐಸೊಟೋಪ್‌ಗಳನ್ನು ತೂಗಿದವರಿಗೆ ತೂಕ ಯಾಕೆ ಬೇರೆ ಅನ್ನುವುದು ಸರಿಯಾಗಿ ಗೊತ್ತಿರಲಿಲ್ಲ.

ಆಮೇಲೆ 113ರಲ್ಲಿದ್ದ ಪುಟ್ಟ ಪೀಕ್ ತೋರಿಸಿ, "ಇದು ಏನು, ನೀನೇ ಹೇಳು" ಎಂದೆ. ಸ್ವಲ್ಪ ಹೊತ್ತು ನೋಡಿದಳು. ಕ್ಲೋರಿನ್‌ನಿಂದ ಒಂದರ ವ್ಯತ್ಯಾಸ ಬರುವುದಿಲ್ಲ. ಕಾರ್ಬನ್ ಆರು ಇವೆ. ಕಾರ್ಬನ್-13 ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಕಾಗದದ ಅಂಚಿನಲ್ಲಿ ಗುಣಿಸಿ, 112ರ ಎತ್ತರದ ಶೇಕಡಾ ಆರೂವರೆ ಇರಬೇಕು ಎಂದು ಬರೆದಳು. ಪರದೆಯಲ್ಲಿ ಅಳೆದು ನೋಡಿದೆವು. ಸರಿಯಾಗಿತ್ತು.