ಸರೇಸು ಆರುವುದರೊಳಗೆ

ವೆನೀರ್, ಅಂದರೆ ಹಲಗೆಯ ಮೇಲೆ ಹೊದಿಸುವ ಮರದ ಪದರ, ಅಂಟಿಸುವ ದಿನ ಉಳಿ, ಗರಗಸಕ್ಕಿಂತ ಮೊದಲು ಬೇಕಾಗುವುದು ಬೆಂಕಿ. 18ನೇ ಶತಮಾನದ ಲಂಡನ್ನಿನಲ್ಲಿ, ಸೇಂಟ್ ಮಾರ್ಟಿನ್ಸ್ ಲೇನ್ ಬೀದಿಯ ಪೀಠೋಪಕರಣ ತಯಾರಕ ಥಾಮಸ್ ಚಿಪ್ಪೆಂಡೇಲ್‌ನಂಥವರ ಕೆಲಸಮನೆಗಳಲ್ಲಿ ಬಳಸುತ್ತಿದ್ದ ಅಂಟು ಸರೇಸು. ಚರ್ಮ ಬೇಯಿಸಿ ತೆಗೆದು ಒಣಗಿಸಿದ್ದು. ಹಿಂದಿನ ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಮೆತ್ತಗೆ ಉಬ್ಬಿರುತ್ತದೆ. ನೇರ ಉರಿಗೆ ಇಡುವಂತಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಸಾಕು, ಕುದಿಸಿದರೆ ಹಿಡಿತ ಹೋಗುತ್ತದೆ. ಕುಂಚ ಎತ್ತಿ ನೋಡಿದರೆ ಹದ ತಿಳಿಯುತ್ತದೆ: ಗಂಟುಕಟ್ಟದೆ, ನೀರಿನಂತೆ ಹನಿಯದೆ, ಒಂದೇ ಧಾರೆಯಾಗಿ ಇಳಿಯಬೇಕು.

ಆ ಕಾಲದ ವೆನೀರ್ ಇವತ್ತಿನ ತೆಳು ಹಾಳೆಯಲ್ಲ. ಕೈಗರಗಸದಲ್ಲಿ ಸೀಳಿದ್ದು, ಒಂದೂವರೆಯಿಂದ ಮೂರು ಮಿಲಿಮೀಟರ್ ದಪ್ಪ, ಎಲ್ಲೆಡೆ ಸಮ ಇರುವುದಿಲ್ಲ. ಅಡಿಹಲಗೆ ಓಕ್ ಅಥವಾ ಪೈನ್. ಹಲ್ಲಿನ ಅಲಗಿರುವ ಕೀಸುಳಿಯಿಂದ ಎರಡಕ್ಕೂ ಸಣ್ಣ ಗೀರು ಹಾಕುತ್ತಾರೆ. ಗರಗಸ ಬಿಟ್ಟ ಉಬ್ಬುತಗ್ಗೂ ಅದರಲ್ಲೇ ಸಮವಾಗುತ್ತದೆ. ಅಂಟಿಸಬೇಕಾದದ್ದು ಹಲಗೆಯ ತಿರುಳಿನ ಕಡೆಯ, ಅಂದರೆ ಮರದ ನಡುಭಾಗದತ್ತ ಇದ್ದ, ಮುಖಕ್ಕೆ. ಸರೇಸು ಒಣಗುತ್ತ ಕುಗ್ಗಿ ಹಲಗೆಯನ್ನು ತನ್ನತ್ತ ಬಾಗಿಸುತ್ತದೆ. ಮರ ತಾನಾಗಿ ಒಣಗುವಾಗ ತಿರುಳಿನ ಮುಖ ಉಬ್ಬುತ್ತದೆ. ಎರಡೆಳೆತವೂ ಒಂದನ್ನೊಂದು ತಡೆಯುತ್ತವೆ. ಇದನ್ನು ಗಮನಿಸದೆ ಅಂಟಿಸಿದ ಮೇಜಿನ ಹಲಗೆ ವರ್ಷದೊಳಗೆ ತಟ್ಟೆಯಂತೆ ಕುಳಿಬೀಳಬಹುದು.

ಸರಳ ಹಾಳೆಗೆ ವೆನೀರ್ ಸುತ್ತಿಗೆ ಸಾಕು. ಅದರಿಂದ ಹೊಡೆಯುವುದಿಲ್ಲ, ಅಗಲ ಬಾಯನ್ನು ಒತ್ತಿ, ನಡುವಿನಿಂದ ಅಂಚಿಗೆ ಎಳೆಯುತ್ತ ಹೆಚ್ಚಾದ ಸರೇಸನ್ನು ಹೊರಗೆ ತಳ್ಳುತ್ತಾರೆ. ಹಲವು ಮರಗಳ ತುಂಡು ಜೋಡಿಸಿದ ಚಿತ್ರವಾದರೆ ಹಾಗೆ ಎಳೆಯಲಾಗದು, ತುಂಡುಗಳು ಜಾರುತ್ತವೆ. ಆಗ ಕಾಯಿಸಿದ ಹಲಗೆಯೊಂದನ್ನು ಕಾಗದದ ಮೇಲಿಟ್ಟು ತಿರುಪಿನ ಹಿಡಿಕೆಗಳಿಂದ ಬಿಗಿಯಬೇಕು. ಮೊದಲು ನಡುವಿನದು, ಆಮೇಲೆ ಅಂಚಿನವು. ಅಂಚು ಮೊದಲು ಬಿಗಿದರೆ ಸರೇಸು ಒಳಗೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ತಣ್ಣಗಿನ ಕೋಣೆಯಲ್ಲಿ ಒಂದೆರಡು ನಿಮಿಷಕ್ಕೇ ಸರೇಸು ಗಟ್ಟಿಯಾಗತೊಡಗುವುದರಿಂದ ದೊಡ್ಡ ಹಲಗೆ ಒಬ್ಬನ ಕೆಲಸವಲ್ಲ. ಇಂಗ್ಲೆಂಡಿನ ಹೇರ್‌ವುಡ್ ಹೌಸ್ ಎಂಬ ಭವ್ಯ ಬಂಗಲೆಗೆ 1773ರಲ್ಲಿ 86 ಪೌಂಡಿಗೆ ಚಿಪ್ಪೆಂಡೇಲ್ ಒದಗಿಸಿದ, ಡಯಾನಾ ಮತ್ತು ಮಿನರ್ವಾ ದೇವತೆಗಳ ಚಿತ್ರವಿರುವ ಬೀರುವನ್ನು ಈ ಆತುರ ನೆನೆದು ನೋಡಬೇಕು. ಅಷ್ಟು ಸೂಕ್ಷ್ಮ ಚಿತ್ರ, ಅಷ್ಟು ಕಡಿಮೆ ಸಮಯ! ನನ್ನ ಮಟ್ಟಿಗೆ ಅದರ ಹಿರಿಮೆ ಇರುವುದು ಅಲ್ಲೇ.

ಕೆಲಸಮನೆಯಲ್ಲಿ ಸುತ್ತಲೂ ಒಣಮರ, ಮರದ ಹೊಟ್ಟು, ನಡುವೆ ಸರೇಸು ಕಾಯಿಸುವ ಉರಿ. 1755ರ ಏಪ್ರಿಲ್‌ನಲ್ಲಿ ಚಿಪ್ಪೆಂಡೇಲ್‌ನ ಕೆಲಸಮನೆ ಸುಟ್ಟಾಗ 22 ಕೆಲಸಗಾರರ ಪೆಟ್ಟಿಗೆಗಳೂ ಬೂದಿಯಾದವು. ಕೈಸಾಮಾನು ಕೆಲಸಗಾರನ ಸ್ವಂತದ್ದು. ಅದು ಹೋದರೆ ಮರುದಿನದ ಕೂಲಿಗೂ ದಾರಿಯಿಲ್ಲ.

ಒಣಗಿದ ಮೇಲೆ ಉಗುರಿನಿಂದ ತಟ್ಟುತ್ತ ಹೋದರೆ ಅಂಟದ ಜಾಗ ಟೊಳ್ಳು ದನಿ ಕೊಡುತ್ತದೆ. ಎಳೆಯುದ್ದಕ್ಕೆ ಸಣ್ಣಗೆ ಸೀಳಿ ಬಿಸಿ ಸರೇಸು ತೂರಿಸಿ, ಒದ್ದೆಬಟ್ಟೆಯ ಮೇಲೆ ಕಾದ ಕಬ್ಬಿಣ ಒತ್ತಿದರೆ ಕೂರುತ್ತದೆ. ಬಿಸಿ, ತೇವಕ್ಕೆ ಹಳೆಯ ಸರೇಸೂ ಮತ್ತೆ ಸಡಿಲವಾಗುತ್ತದೆ. ಆದ್ದರಿಂದಲೇ ಆ ಕಾಲದ ಪೀಠೋಪಕರಣಗಳನ್ನು ಮರಕ್ಕೆ ಗಾಯವಾಗದಂತೆ ಬಿಚ್ಚಿ ಸರಿಪಡಿಸಬಹುದು. ದಯವಿಟ್ಟು ಅವುಗಳ ಸಂದುಗಳಿಗೆ ಫೆವಿಕಾಲ್ ತುಂಬಬೇಡಿ. ಫೆವಿಕಾಲ್ ಒಣಗಿದ ಮೇಲೆ ಸರೇಸು ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ರಿಪೇರಿ ಮಾಡುವವರು ಮರವನ್ನೇ ಕೆರೆದು ತೆಗೆಯಬೇಕಾಗುತ್ತದೆ.